ಲೆವೆಲ್ ಕಟ್ಟುವ ಕೋಡ್‌ಗಿಂತ ಮೊದಲು ಅದನ್ನು ಪರೀಕ್ಷಿಸುವ ಕೋಡ್ ಕಲಿಸಿ

ಮಾನ್ಯ ಸಂಪಾದಕರೇ,

ಗೇಮ್ ತಯಾರಿಕೆ ಕಲಿಯುವವರಿಗಾಗಿ ಪತ್ರಿಕೆಗಳ ಶಿಕ್ಷಣ ಪುಟಗಳಲ್ಲಿ ಈಗ ಆಗಾಗ ಬರಹಗಳು ಬರುತ್ತಿವೆ, ಸಂತೋಷ. ಆದರೆ ಪ್ರೊಸೀಜರಲ್ ಲೆವೆಲ್ ಜನರೇಶನ್, ಅಂದರೆ ಆಟದ ನಕ್ಷೆಯನ್ನು ಕೈಯಲ್ಲಿ ಬಿಡಿಸದೆ ಕೆಲವು ನಿಯಮ ಮತ್ತು ರ‍್ಯಾಂಡಮ್ ಸಂಖ್ಯೆಗಳಿಂದ ಪ್ರೋಗ್ರಾಮೇ ಕಟ್ಟಿಕೊಡುವ ವಿಧಾನದ ಮಾತು ಬಂದರೆ ಸಾಕು, ಬರಹ ನೇರವಾಗಿ ಕೊನೆಯಿಲ್ಲದ ಜಗತ್ತು, ಲೆಕ್ಕವಿಲ್ಲದಷ್ಟು ಗ್ರಹಗಳು ಎಂಬಲ್ಲಿಗೆ ಹಾರುತ್ತದೆ. ಹೊಸಬರು ಅದನ್ನೇ ಗುರಿಯಾಗಿಟ್ಟುಕೊಂಡು ಕೂರುತ್ತಾರೆ. ಬೆಟ್ಟಗುಡ್ಡ ಕಾಣುವ ಚೆಂದದ ಚಿತ್ರ ಬೇಗನೆ ಸಿಗುತ್ತದೆ, ಆಟ ಸಿಗುವುದಿಲ್ಲ. ಬೀಗ ಹಾಕಿದ ಬಾಗಿಲಿನ ಆಚೆಯೇ ಅದರ ಕೀಲಿ ಬಿದ್ದಿರುತ್ತದೆ. ಆಟಗಾರ ನಾಲ್ಕೂ ಕಡೆ ಗೋಡೆಯಿರುವ ಗೂಡಿನಲ್ಲಿ ಹುಟ್ಟುತ್ತಾನೆ. ನಿನ್ನೆ ಕಂಡ ಬಗ್ (ಕೋಡ್‌ನ ತಪ್ಪು) ಇಂದು ಎಷ್ಟು ಆಡಿದರೂ ಮತ್ತೆ ಕಾಣುವುದಿಲ್ಲ. ಅಲ್ಲಿಗೆ ಎಷ್ಟೋ ಮಂದಿ ಕೈಬಿಡುತ್ತಾರೆ.

ಇದಕ್ಕೆ ಅವರ ಬುದ್ಧಿಯ ಕೊರತೆ ಕಾರಣವಲ್ಲ, ಕಲಿಸುವ ಕ್ರಮ ತಲೆಕೆಳಗಾಗಿದೆ. ಹೊಸಬರು ಮೊದಲು ಬರೆಯಬೇಕಾದದ್ದು 'ಈ ನಕ್ಷೆಯನ್ನು ಆಡಿ ಮುಗಿಸಲು ಸಾಧ್ಯವೇ' ಎಂಬ ಪ್ರಶ್ನೆಗೆ ಉತ್ತರಿಸುವ ಕೋಡ್. ನಕ್ಷೆ ಕಟ್ಟುವ ಕೋಡ್ ಅದರ ನಂತರ. ಹಾಗೆಂದರೇನು, ಹೇಗೆ ಮಾಡುವುದು ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇವೆ. ಪತ್ರ ಉದ್ದವಾದೀತು, ದಯವಿಟ್ಟು ಜಾಗ ಕೊಡಿ.

ಈ ವಿದ್ಯೆ ಹುಟ್ಟಿದ್ದೇ ಸಣ್ಣದಾಗಿ. 1980ರ 'ರೋಗ್' ಆಟ 80 ಕಾಲಂ, 24 ಸಾಲುಗಳ ಅಕ್ಷರ ಪರದೆಯನ್ನು 3×3 ಭಾಗಗಳಾಗಿ ಹಂಚಿಕೊಂಡು, ಭಾಗಕ್ಕೊಂದರಂತೆ ಕೋಣೆ ಇಟ್ಟು, ಅಕ್ಕಪಕ್ಕದವನ್ನು ದಾರಿಗಳಿಂದ ಜೋಡಿಸುತ್ತಿತ್ತು. 1984ರ 'ಎಲೀಟ್' 32 ಕಿಲೋಬೈಟ್ ಮೆಮೊರಿಯ ಬಿಬಿಸಿ ಮೈಕ್ರೋ ಕಂಪ್ಯೂಟರಿನಲ್ಲಿ 8 ಗ್ಯಾಲಕ್ಸಿ, ಒಂದೊಂದರಲ್ಲಿ 256 ನಕ್ಷತ್ರ ಮಂಡಲಗಳನ್ನು ತೋರಿಸಿತು. ಅವುಗಳ ಪಟ್ಟಿಯನ್ನು ಎಲ್ಲೂ ಸಂಗ್ರಹಿಸಿಟ್ಟಿರಲಿಲ್ಲ, ಬೇಕಾದಾಗ ಸಂಖ್ಯೆಗಳಿಂದ ಹುಟ್ಟಿಸುತ್ತಿತ್ತು. ಎರಡರಲ್ಲೂ ಇರುವುದು ಒಬ್ಬ ಹೊಸಬ ಓದಿ ಅರ್ಥಮಾಡಿಕೊಳ್ಳಬಲ್ಲ ಉಪಾಯಗಳೇ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ದುಡಿಮೆ ಉಳಿಯುತ್ತದೆ ಎಂದು ಈ ದಾರಿ ಹಿಡಿಯಬೇಡಿ. ಹತ್ತು ಲೆವೆಲ್‌ಗಳ ಆಟಕ್ಕೆ ಹತ್ತನ್ನೂ ಕೈಯಲ್ಲೇ ಬಿಡಿಸುವುದು ಬೇಗ, ಚೆಂದ ಕೂಡ. ಸೋತ ಆಟಗಾರ ಮತ್ತೆ ಮೊದಲಿನಿಂದ ಶುರು ಮಾಡುವ, ಪ್ರತಿ ಸಲ ಹೊಸ ನಕ್ಷೆ ಎದುರಾಗಲೇಬೇಕಾದ ಆಟಕ್ಕೆ ಮಾತ್ರ ಇದು ನಿಜವಾಗಿ ಬೇಕು.

ಶುರುವಿಗೆ 40 ಅಗಲ, 25 ಎತ್ತರದ ಗ್ರಿಡ್, ಅಂದರೆ ಚೌಕಗಳ ಜಾಲ ಸಾಕು. ಒಂದೊಂದು ಚೌಕವೂ ಒಂದು ಟೈಲ್, ಒಟ್ಟು 1000 ಟೈಲ್. ಗೋಡೆಗೆ ಒಂದು ಅಕ್ಷರ, ನೆಲಕ್ಕೆ ಒಂದು ಚುಕ್ಕೆ ಇಟ್ಟುಕೊಂಡು ಟರ್ಮಿನಲ್‌ನಲ್ಲಿ ಪ್ರಿಂಟ್ ಮಾಡಿ. ಗೇಮ್ ಎಂಜಿನ್ (ಗೋಡೋ, ಯೂನಿಟಿಯಂಥ ಆಟ ಕಟ್ಟುವ ಸಿದ್ಧ ಸಾಫ್ಟ್‌ವೇರ್) ಆಗಲಿ, ಟೈಲ್ ಚಿತ್ರಗಳಾಗಲಿ ಈಗಲೇ ಬೇಡ. ಚಿತ್ರ ಬಂತೆಂದರೆ ಕಣ್ಣು ಅದರ ಹಿಂದೆ ಹೋಗುತ್ತದೆ, ತಪ್ಪು ಅಡಗಿಕೊಳ್ಳುತ್ತದೆ. ಇಷ್ಟು ಸಣ್ಣ ಕೆಲಸದಲ್ಲೇ ಮೂರು ಗುಂಡಿಗಳಿವೆ. ಪೈಥಾನ್‌ನಲ್ಲಿ ಒಂದು ಸಾಲಿನ ಲಿಸ್ಟನ್ನು 25ರಿಂದ ಗುಣಿಸಿ ಗ್ರಿಡ್ ಮಾಡಿದರೆ ಸಿಗುವುದು 25 ಸಾಲುಗಳಲ್ಲ, ಒಂದೇ ಸಾಲಿಗೆ 25 ಹೆಸರು. ಒಂದು ಟೈಲ್ ಕೆತ್ತಿದರೆ ಇಡೀ ಕಾಲಂ ಕೆತ್ತಿಹೋಗುತ್ತದೆ. ಪ್ರತಿ ಸಾಲನ್ನೂ ಲೂಪ್‌ನೊಳಗೆ ಹೊಸದಾಗಿ ಮಾಡಬೇಕು. ಎರಡನೆಯದು, ಸಾಲು ಮೊದಲೋ ಕಾಲಂ ಮೊದಲೋ ಎಂಬ ಗೊಂದಲ. ಅಗಲ ಎತ್ತರ ಎರಡೂ ಒಂದೇ ಇದ್ದರೆ ಈ ತಪ್ಪು ಬಹಳ ದಿನ ಗೊತ್ತೇ ಆಗುವುದಿಲ್ಲ. ಚೌಕದ ಬದಲು 40×25 ಎಂದದ್ದು ಅದಕ್ಕೇ. ಮೂರನೆಯದು ಅಂಚು. ಎಡ ಅಂಚಿನ ಟೈಲ್‌ನ ಎಡ ನೆರೆ ಕೇಳಿದಾಗ ಇಂಡೆಕ್ಸ್ (ಸ್ಥಾನದ ಸಂಖ್ಯೆ) ಮೈನಸ್ 1 ಆಗುತ್ತದೆ. ಪೈಥಾನ್ ತಪ್ಪೆನ್ನದೆ ಬಲ ತುದಿಯ ಟೈಲ್ ಕೊಟ್ಟುಬಿಡುತ್ತದೆ. ಆದ್ದರಿಂದ 'ಈ ಜಾಗದಲ್ಲಿ ಏನಿದೆ' ಎಂದು ಕೇಳುವ ಒಂದೇ ಒಂದು ಫಂಕ್ಷನ್ ಇರಲಿ, ನಕ್ಷೆಯ ಹೊರಗಿನದಕ್ಕೆಲ್ಲ ಅದು 'ಗೋಡೆ' ಎನ್ನಲಿ.

ಈಗ ಪರೀಕ್ಷಕ. ಆರಂಭದ ಟೈಲ್‌ನಿಂದ ಹೊರಟು ನಡೆಯಬಹುದಾದ ಎಲ್ಲ ಟೈಲ್‌ಗಳನ್ನು ಮುಟ್ಟಿ, ಪ್ರತಿಯೊಂದಕ್ಕೂ ಎಷ್ಟು ಹೆಜ್ಜೆ ಎಂದು ಬರೆದಿಡುವ ಬ್ರೆಡ್ತ್ ಫಸ್ಟ್ ಸರ್ಚ್ ಇದು. ದೂರಗಳಿಗಾಗಿ ನಕ್ಷೆಯಷ್ಟೇ ದೊಡ್ಡ ಇನ್ನೊಂದು ಗ್ರಿಡ್ ಮಾಡಿ ಎಲ್ಲ ಕಡೆ ಮೈನಸ್ 1 ತುಂಬಿ. ಆರಂಭಕ್ಕೆ 0 ಬರೆದು ಅದನ್ನು ಒಂದು ಕ್ಯೂನಲ್ಲಿ, ಅಂದರೆ ಮೊದಲು ಸೇರಿದ್ದು ಮೊದಲು ಹೊರಬರುವ ಸರದಿಯಲ್ಲಿ ಹಾಕಿ. ಕ್ಯೂನ ಮುಂದಿನಿಂದ ಒಂದು ಟೈಲ್ ತೆಗೆಯಿರಿ. ಅದರ ನೆರೆಗಳಲ್ಲಿ ನೆಲವಾಗಿದ್ದು ಇನ್ನೂ ಮೈನಸ್ 1 ಇರುವವಕ್ಕೆ, ತೆಗೆದ ಟೈಲ್‌ನ ದೂರಕ್ಕಿಂತ ಒಂದು ಹೆಚ್ಚು ಬರೆದು ಕ್ಯೂನ ಹಿಂದೆ ಸೇರಿಸಿ. ಕ್ಯೂ ಖಾಲಿಯಾದಾಗ ಕೆಲಸ ಮುಗಿಯಿತು. ನಿರ್ಗಮನದ ಟೈಲ್‌ನಲ್ಲಿ ಇನ್ನೂ ಮೈನಸ್ 1 ಇದ್ದರೆ ಆ ಲೆವೆಲ್ ಆಡಲು ಬಾರದು. ಮುಟ್ಟಿದ ಟೈಲ್‌ಗಳ ಎಣಿಕೆ ಒಟ್ಟು ನೆಲಕ್ಕಿಂತ ಕಡಿಮೆಯಿದ್ದರೆ ಎಲ್ಲೋ ಮುಚ್ಚಿದ ಗೂಡಿದೆ.

ದೂರವನ್ನು ಕ್ಯೂಗೆ ಸೇರಿಸುವಾಗಲೇ ಬರೆಯಬೇಕು. ಹೊರತೆಗೆಯುವಾಗ ಬರೆದರೆ ಒಂದೇ ಟೈಲ್ ಹಲವು ಸಲ ಕ್ಯೂ ಸೇರಿ, ದೊಡ್ಡ ನಕ್ಷೆಯಲ್ಲಿ ಪ್ರೋಗ್ರಾಂ ತೆವಳುತ್ತದೆ. ಫಂಕ್ಷನ್ ತನ್ನನ್ನು ತಾನೇ ಕರೆಯುವ ರಿಕರ್ಷನ್‌ನಿಂದ ಇದನ್ನು ಬರೆಯುವುದು ಚಿಕ್ಕದಾಗಿ ಚೆಂದ ಕಾಣುತ್ತದೆ ನಿಜ, ಆದರೆ ಪೈಥಾನ್‌ನಲ್ಲಿ ರಿಕರ್ಷನ್ ಮಿತಿ ಮೊದಲಿಗೆ 1000. ತುಸು ದೊಡ್ಡ ಗುಹೆ ಬಂದರೆ ಸಾಕು, ನಿಂತುಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚು ಕಾಡುವ ತಪ್ಪು ಮೂಲೆಯದು. ಆಟಗಾರ ನಾಲ್ಕು ದಿಕ್ಕಿಗೆ ಮಾತ್ರ ನಡೆಯಬಲ್ಲ, ಪರೀಕ್ಷಕ ಎಂಟು ದಿಕ್ಕು ನೋಡುತ್ತದೆ ಎಂದುಕೊಳ್ಳಿ. ಮೂಲೆಗೆ ಮೂಲೆ ತಾಗಿದ ಎರಡು ಕೋಣೆಗಳನ್ನು ಅದು 'ಜೋಡಿಯಾಗಿವೆ' ಎನ್ನುತ್ತದೆ, ಆಟಗಾರ ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ಪರೀಕ್ಷಕದ ನಡೆ ಮತ್ತು ಆಟಗಾರನ ನಡೆ ಒಂದೇ ಇರಬೇಕು.

ಪರೀಕ್ಷಕವನ್ನೂ ಪರೀಕ್ಷಿಸಿ. ನಾಲ್ಕೈದು 5×5 ನಕ್ಷೆಗಳನ್ನು ಕೈಯಲ್ಲಿ ಬರೆಯಿರಿ: ಪೂರ್ತಿ ನೆಲ, ನಡುವೆ ಅಡ್ಡಗೋಡೆ, ಮೂಲೆಯಲ್ಲಷ್ಟೇ ತಾಗುವ ಎರಡು ಭಾಗ, ಸುರುಳಿ ದಾರಿ. ಪೂರ್ತಿ ನೆಲದಲ್ಲಿ ಮೂಲೆಯಿಂದ ಎದುರು ಮೂಲೆಗೆ 8 ಹೆಜ್ಜೆ ಬರಬೇಕು. ಬರದಿದ್ದರೆ ಮುಂದೆ ಹೋಗಬೇಡಿ.

ಇನ್ನು ಸೀಡ್. ಕಂಪ್ಯೂಟರಿನ ರ‍್ಯಾಂಡಮ್ ಸಂಖ್ಯೆಗಳು ಒಂದು ಆರಂಭ ಸಂಖ್ಯೆಯಿಂದ ಲೆಕ್ಕ ಹಾಕಿದವು. ಆ ಸಂಖ್ಯೆಯೇ ಸೀಡ್. ಅದೇ ಸೀಡ್ ಕೊಟ್ಟರೆ ಅದೇ ಸರಣಿ, ಅದೇ ನಕ್ಷೆ. ಲೆವೆಲ್ ಹುಟ್ಟಿದಾಗಲೆಲ್ಲ ಸೀಡ್ ಪ್ರಿಂಟ್ ಆಗಲೇಬೇಕು. ಆಟಗಾರ ದೂರು ಹೇಳುವಾಗ ಈ ಸಂಖ್ಯೆಯೊಂದನ್ನು ತಿಳಿಸಿದರೆ ಬಗ್ ನಿಮ್ಮ ಕಣ್ಣೆದುರು ಮತ್ತೆ ನಿಲ್ಲುತ್ತದೆ.

ಆದರೆ ಸೀಡ್ ಇಟ್ಟಮೇಲೂ ನಕ್ಷೆ ಬದಲಾಗುತ್ತಿದೆ ಎಂದು ಗೋಳಾಡುವವರು ಬಹಳ. ಕಾರಣಗಳು ಹೆಚ್ಚೂಕಡಿಮೆ ಇವೇ: ನಕ್ಷೆಗೂ, ಕಿಡಿ ಹಾರುವ ಎಫೆಕ್ಟ್‌ಗೂ, ಶತ್ರುವಿನ ಏಟಿಗೂ ಒಂದೇ ರ‍್ಯಾಂಡಮ್ ಸರಣಿ ಬಳಸಿರುತ್ತಾರೆ. ಒಂದು ಕಿಡಿ ಹೆಚ್ಚು ಹಾರಿದರೆ ಮುಂದಿನ ನಕ್ಷೆಯೇ ಬೇರೆ. ನಕ್ಷೆಗೆ, ವಸ್ತುಗಳಿಗೆ, ಕಾಳಗಕ್ಕೆ ಸಂಖ್ಯೆ ಹುಟ್ಟಿಸುವ ಬೇರೆ ಬೇರೆ ಜನರೇಟರ್ ಆಬ್ಜೆಕ್ಟ್ ಇಟ್ಟುಕೊಳ್ಳಿ. ಇನ್ನೊಂದು ಕಾರಣ ಪೈಥಾನ್‌ನ ಸೆಟ್, ಅಂದರೆ ನಿಗದಿತ ಕ್ರಮವಿಲ್ಲದ ಗುಂಪು. ಪದಗಳ (ಸ್ಟ್ರಿಂಗ್) ಸೆಟ್ ಮೇಲೆ ಲೂಪ್ ಹಾಕಿದರೆ ಪ್ರೋಗ್ರಾಂ ಓಡಿಸಿದಾಗಲೆಲ್ಲ ಕ್ರಮ ಬದಲಾಗಬಹುದು. ಮೊದಲು ಸಾರ್ಟ್ ಮಾಡಿ, ಅಂದರೆ ಒಂದು ಕ್ರಮದಲ್ಲಿ ಜೋಡಿಸಿ.

ಅಂತಸ್ತುಗಳಿರುವ ಆಟದಲ್ಲಿ ಸೀಡ್‌ಗೆ ಅಂತಸ್ತಿನ ಸಂಖ್ಯೆ ಕೂಡಿಸಿ ಹೊಸ ಸೀಡ್ ಮಾಡುವ ಅಭ್ಯಾಸವಿದೆ. ಆಗ ಸೀಡ್ 100ರ ಎರಡನೇ ಅಂತಸ್ತೂ ಸೀಡ್ 101ರ ಮೊದಲನೇ ಅಂತಸ್ತೂ ಒಂದೇ ನಕ್ಷೆ. ಅಂತಸ್ತುಗಳು 1000ಕ್ಕಿಂತ ಕಡಿಮೆ ಎಂದಾದರೆ ಸೀಡನ್ನು 1000ದಿಂದ ಗುಣಿಸಿ ಅಂತಸ್ತು ಕೂಡಿಸಿದರೆ ಈ ಘರ್ಷಣೆ ತಪ್ಪುತ್ತದೆ.

ಪರೀಕ್ಷಕ, ಸೀಡ್ ಎರಡೂ ಸಾಧನ ಕೈಗೆ ಬಂದಮೇಲೆ ಕೋಣೆ ಮತ್ತು ಕಾರಿಡಾರ್‌ನ ವಿಧಾನ ಹಿಡಿಯಿರಿ. ಇಡೀ ಗ್ರಿಡ್ ಗೋಡೆ. ಅಗಲ 4ರಿಂದ 9, ಎತ್ತರ 4ರಿಂದ 7ರ ಒಂದು ಆಯತವನ್ನು ರ‍್ಯಾಂಡಮ್ ಜಾಗದಲ್ಲಿ ಇಟ್ಟು ನೋಡಿ, ಹೊರ ಅಂಚಿನ ಒಂದು ಟೈಲ್ ಯಾವತ್ತೂ ಗೋಡೆಯಾಗಿಯೇ ಉಳಿಯಲಿ. ಹಳೆಯ ಕೋಣೆಗಳಿಗೆ ತಾಗಿದರೆ ಬಿಡಿ, ತಾಗದಿದ್ದರೆ ಕೆತ್ತಿ. ಒಂದು ಕೋಣೆ ಇನ್ನೊಂದರ ಪೂರ್ತಿ ಎಡಕ್ಕೋ, ಬಲಕ್ಕೋ, ಮೇಲಕ್ಕೋ, ಕೆಳಕ್ಕೋ ಇದ್ದರೆ ಅವು ತಾಗುವುದಿಲ್ಲ. ನಾಲ್ಕರಲ್ಲಿ ಒಂದೂ ಅಲ್ಲವಾದರೆ ತಾಗುತ್ತವೆ. ಹೋಲಿಸುವ ಮುನ್ನ ಹೊಸ ಕೋಣೆಯನ್ನು ಸುತ್ತಲೂ ಒಂದು ಟೈಲ್ ಹಿಗ್ಗಿಸಿದರೆ ನಡುವೆ ಗೋಡೆ ಉಳಿಯುತ್ತದೆ. ಇದನ್ನು 60 ಸಲ ಪ್ರಯತ್ನಿಸಿ ನಿಲ್ಲಿಸಿ. '12 ಕೋಣೆ ಆಗುವ ತನಕ' ಎಂದು ಲೂಪ್ ಬರೆದರೆ, 12ಕ್ಕೆ ಜಾಗವೇ ಇಲ್ಲದ ದಿನ ಪ್ರೋಗ್ರಾಂ ಮುಗಿಯುವುದೇ ಇಲ್ಲ.

ಪ್ರತಿ ಹೊಸ ಕೋಣೆಯ ನಡುಭಾಗದಿಂದ ಹಿಂದಿನ ಕೋಣೆಯ ನಡುಭಾಗಕ್ಕೆ ಒಂದೇ ತಿರುವಿನ ಕಾರಿಡಾರ್ ಕೆತ್ತಿ. ಅಡ್ಡ ಮೊದಲೋ ಉದ್ದ ಮೊದಲೋ ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿ. ಪ್ರತಿಯೊಂದೂ ಹಿಂದಿನದಕ್ಕೆ ಸೇರಿರುವುದರಿಂದ ಯಾವ ಕೋಣೆಯೂ ಒಂಟಿಯಾಗುವುದಿಲ್ಲ. ಆದರೂ ಪರೀಕ್ಷಕ ಓಡಿಸಿ. ಇಲ್ಲಿ ಅದು 'ಇಲ್ಲ' ಎಂದರೆ ಕಾರಿಡಾರ್ ಲೂಪ್ ಒಂದು ಟೈಲ್ ಮುಂಚೆ ನಿಲ್ಲುತ್ತಿದೆ ಎಂದೇ ಅನುಮಾನಿಸಿ. ರ‍್ಯಾಂಡಮ್ ಸಂಖ್ಯೆಯ ಮೇಲ್ಮಿತಿಯಲ್ಲೂ ಇದೇ ಒಂದರ ವ್ಯತ್ಯಾಸ ಕಾಡುತ್ತದೆ: 4 ಮತ್ತು 9 ಎಂದು ಕೊಟ್ಟರೆ ಪೈಥಾನ್‌ನ ರ‍್ಯಾಂಡ್‌ಇಂಟ್, ಗೋಡೋದ ಪೂರ್ಣಾಂಕ ಫಂಕ್ಷನ್ 9ನ್ನೂ ಕೊಡುತ್ತವೆ, ಯೂನಿಟಿಯ ಪೂರ್ಣಾಂಕ ಫಂಕ್ಷನ್ 8ಕ್ಕೇ ನಿಲ್ಲುತ್ತದೆ.

ಹೀಗೆ ಬಂದ ನಕ್ಷೆಯಲ್ಲಿ ಎರಡು ಕುಂದು. ಕೋಣೆಗಳು ಹುಟ್ಟಿದ ಕ್ರಮದಲ್ಲೇ ಜೋಡಿಸಿದರೆ ಕಾರಿಡಾರ್‌ಗಳು ಇಡೀ ನಕ್ಷೆಯನ್ನು ಸೀಳಿಕೊಂಡು ಓಡುತ್ತವೆ. ಜೋಡಿಸುವ ಮೊದಲು ಕೋಣೆಗಳನ್ನು ಎಡದಿಂದ ಬಲಕ್ಕೆ ಸಾರ್ಟ್ ಮಾಡಿದರೆ ಬಹುಪಾಲು ಸರಿಹೋಗುತ್ತದೆ. ಎರಡನೆಯ ಕುಂದು, ನಕ್ಷೆಯಲ್ಲಿ ಸುತ್ತುದಾರಿಗಳೇ ಕಡಿಮೆ, ಕೊನೆಯವರೆಗೆ ಹೋದವರು ಬಂದ ದಾರಿಯಲ್ಲೇ ವಾಪಸ್ಸು ನಡೆಯಬೇಕು. ಹತ್ತು ಕೋಣೆಗೆ ಒಂದೆರಡು ಹೆಚ್ಚುವರಿ ಕಾರಿಡಾರ್ ಸೇರಿಸಿ. ಆಟದ ರುಚಿಯನ್ನು ಇದಕ್ಕಿಂತ ಅಗ್ಗವಾಗಿ ಹೆಚ್ಚಿಸುವ ಬೇರೆ ಉಪಾಯ ನಮಗೆ ಗೊತ್ತಿಲ್ಲ. ಅಂದಹಾಗೆ, ಕಾರಿಡಾರ್ ಒಂದು ಕೋಣೆಯ ಗೋಡೆಯ ಸಾಲಿನಲ್ಲೇ ಓಡಿದರೆ ಆ ಬದಿಯ ಗೋಡೆಯೆಲ್ಲ ಮಾಯವಾಗುತ್ತದೆ, ಬಾಗಿಲು ಇಡಲು ಜಾಗವೇ ಇರುವುದಿಲ್ಲ. ಬಾಗಿಲುಗಳ ಆಟವಾದರೆ ಇದನ್ನು ಗಮನಿಸಿ. ಜಾಗವನ್ನು ಎರಡೆರಡಾಗಿ ಸೀಳುತ್ತಾ ಹೋಗುವ ಬಿಎಸ್‌ಪಿ (ಬೈನರಿ ಸ್ಪೇಸ್ ಪಾರ್ಟಿಷನಿಂಗ್) ವಿಧಾನವೂ ಇದೇ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ, ಆದರೆ ಸಿಗುವ ನಕ್ಷೆ ಸ್ವಲ್ಪ ಕಚೇರಿ ಕಟ್ಟಡದಂತೆ ಕಾಣುತ್ತದೆ.

ಗುಹೆ ಬೇಕೆಂದರೆ ಸೆಲ್ಯುಲಾರ್ ಆಟೊಮೇಟಾ. ಪ್ರತಿ ಟೈಲನ್ನು 45 ಶೇಕಡಾ ಸಂಭವದಲ್ಲಿ ಗೋಡೆ ಮಾಡಿ, ಉಳಿದದ್ದು ನೆಲ. ಆಮೇಲೆ ಒಂದು ಸುತ್ತು: ಒಂದು ಟೈಲ್ ಮತ್ತು ಅದರ ಎಂಟು ನೆರೆ, ಒಟ್ಟು ಒಂಬತ್ತರಲ್ಲಿ ಐದು ಅಥವಾ ಹೆಚ್ಚು ಗೋಡೆಯಿದ್ದರೆ ಆ ಟೈಲ್ ಗೋಡೆ, ಇಲ್ಲವಾದರೆ ನೆಲ. ನಾಲ್ಕೈದು ಸುತ್ತಿಗೆ ಚದುರಿದ ಚುಕ್ಕೆಗಳು ಗುಹೆಯ ಆಕಾರಕ್ಕೆ ಬರುತ್ತವೆ. ಇಲ್ಲಿ ಹೊಸಬರೆಲ್ಲ ಮಾಡುವ ತಪ್ಪು ಒಂದೇ: ಓದುವ ಗ್ರಿಡ್‌ನಲ್ಲೇ ಬರೆಯುವುದು. ಮೇಲಿನ ಟೈಲ್ ಆಗಲೇ ಹೊಸದಾಗಿರುತ್ತದೆ, ಕೆಳಗಿನದು ಹಳೆಯದು; ನಿಯಮ ಎಲ್ಲ ಟೈಲ್‌ಗೂ ಒಂದೇ ಸ್ಥಿತಿಯ ಮೇಲೆ ನಡೆಯುವುದಿಲ್ಲ, ನೀವು ಟೈಲ್‌ಗಳನ್ನು ನೋಡುವ ದಿಕ್ಕು ಗುಹೆಯ ಆಕಾರದಲ್ಲಿ ಸೇರಿಕೊಳ್ಳುತ್ತದೆ. ಎರಡು ಗ್ರಿಡ್ ಇಟ್ಟುಕೊಂಡು ಒಂದರಿಂದ ಓದಿ ಇನ್ನೊಂದಕ್ಕೆ ಬರೆದು ಸುತ್ತಿನ ಕೊನೆಯಲ್ಲಿ ಅದಲುಬದಲು ಮಾಡಿ. ಆ 45ನ್ನು 40ಕ್ಕೆ ಇಳಿಸಿದರೆ ಗುಹೆ ಬಯಲಾಗುತ್ತದೆ, 50 ದಾಟಿಸಿದರೆ ಬಿಡಿಬಿಡಿ ಗೂಡುಗಳಾಗುತ್ತವೆ. ಸಂಖ್ಯೆಯನ್ನು ಒಂದೊಂದೇ ಬದಲಿಸುತ್ತಾ ಅದೇ ಸೀಡ್‌ನಲ್ಲಿ ನೋಡಿ. ಸೀಡ್ ಕೂಡ ಬದಲಾದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಗುಹೆ ವಿಧಾನ ಸಂಪರ್ಕದ ಭರವಸೆ ಕೊಡುವುದಿಲ್ಲ, ಪರೀಕ್ಷಕ ಮೊದಲೇ ಬರೆದಿಟ್ಟದ್ದು ಇಲ್ಲಿ ಕೈಹಿಡಿಯುತ್ತದೆ. ಮುಟ್ಟದ ನೆಲದಿಂದ ಮತ್ತೆ ಮತ್ತೆ ಅದನ್ನೇ ಓಡಿಸಿ ಪ್ರತಿ ಭಾಗಕ್ಕೂ ಒಂದು ಸಂಖ್ಯೆ ಕೊಡಿ. ಎಲ್ಲಕ್ಕಿಂತ ದೊಡ್ಡದನ್ನು ಉಳಿಸಿ. 20 ಟೈಲ್‌ಗಿಂತ ಸಣ್ಣ ಗೂಡುಗಳನ್ನು ಗೋಡೆಯಿಂದ ತುಂಬಿಬಿಡಿ, ಉಳಿದವಕ್ಕೆ ದೊಡ್ಡ ಭಾಗದ ಅತಿ ಹತ್ತಿರದ ಟೈಲ್‌ವರೆಗೆ ಸುರಂಗ ಕೆತ್ತಿ. ಇಷ್ಟಾದ ಮೇಲೂ ನೆಲ ನಕ್ಷೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಅದನ್ನು ಎಸೆದು ಅದೇ ಜನರೇಟರ್‌ನಿಂದ ಮುಂದಿನ ಪ್ರಯತ್ನ ಮಾಡಿ. ಸಂಪರ್ಕದ ಚಿಂತೆಯೇ ಬೇಡ ಎನ್ನುವವರಿಗೆ ಕುಡುಕನ ನಡಿಗೆ ಎಂಬ ಇನ್ನೊಂದು ವಿಧಾನವಿದೆ: ನಡುವಿನಿಂದ ಹೊರಟು ರ‍್ಯಾಂಡಮ್ ದಿಕ್ಕಿಗೆ ಒಂದೊಂದೇ ಹೆಜ್ಜೆ ಇಡುತ್ತಾ, ಇಟ್ಟಲ್ಲೆಲ್ಲ ನೆಲ ಕೆತ್ತುತ್ತಾ, 40 ಶೇಕಡಾ ನೆಲವಾದಾಗ ನಿಲ್ಲುವುದು.

ಪರ್ಲಿನ್ ನಾಯ್ಸ್ ಬಗ್ಗೆ ಎರಡು ಮಾತು, ಹೊಸಬರು ಮೊದಲು ಎಡವುವುದು ಅಲ್ಲೇ ಆದ್ದರಿಂದ. ಕೆನ್ ಪರ್ಲಿನ್ 1980ರ ದಶಕದಲ್ಲಿ ಕೊಟ್ಟ ಈ ಲೆಕ್ಕ ಅಕ್ಕಪಕ್ಕದ ಜಾಗಗಳಿಗೆ ಹತ್ತಿರ ಹತ್ತಿರದ ಬೆಲೆ ಕೊಡುತ್ತದೆ; ಬೆಟ್ಟ, ಕಣಿವೆ, ಕಾಡಿನ ಹರವು ಬಿಡಿಸಲು ಬಹಳ ಒಳ್ಳೆಯದು. ಆದರೆ ಅದರ ಮೂಲ ರೂಪಕ್ಕೆ ಪೂರ್ಣಾಂಕಗಳನ್ನು ಕೊಟ್ಟರೆ ಎಲ್ಲೆಡೆ ಸೊನ್ನೆಯೇ ಬರುತ್ತದೆ. ಟೈಲ್‌ನ ಸ್ಥಾನವನ್ನು 0.05 ಅಥವಾ 0.1ರಿಂದ ಗುಣಿಸಿ ಕೊಡಿ. ಸಣ್ಣ ಏರಿಳಿತಗಳೂ ಬರಲೆಂದು ನಾಯ್ಸ್‌ನ ಹಲವು ಪದರಗಳನ್ನು ಸೇರಿಸುವಾಗ ಪ್ರತಿ ಪದರಕ್ಕೆ ಆವರ್ತನ ಇಮ್ಮಡಿ, ಎತ್ತರ ಅರ್ಧ. ನಾಲ್ಕು ಪದರವಾದರೆ ಮೊತ್ತವನ್ನು ಎತ್ತರಗಳ ಮೊತ್ತದಿಂದ (1 + 0.5 + 0.25 + 0.125), ಅಂದರೆ 1.875ರಿಂದ ಭಾಗಿಸಿ. ಬೆಲೆಗಳು ನಡುವಿನ ಸುತ್ತ ಗುಂಪುಗೂಡುತ್ತವೆ. ಹಾಗಾಗಿ 0ಯಿಂದ 1ರ ಅಳತೆಯಲ್ಲಿ '0.9ರ ಮೇಲೆ ಹಿಮ' ಎಂದರೆ ಹಿಮ ಕಾಣಿಸದೇ ಹೋಗಬಹುದು. ಮತ್ತೆ, ನಾಯ್ಸ್‌ಗೆ ದಾರಿ ಎಂದರೇನೆಂದು ಗೊತ್ತಿಲ್ಲ. ಕೋಣೆ, ಬಾಗಿಲು, ಬೀಗಗಳ ಆಟಕ್ಕೆ ಅದು ತಕ್ಕ ಸಾಧನವಲ್ಲ.

ನೆಗೆದು ಆಡುವ ಪ್ಲಾಟ್‌ಫಾರ್ಮರ್‌ಗಳದ್ದು ಬೇರೆಯೇ ಲೆಕ್ಕ. ಅಲ್ಲಿ ನೆಲ ಮುಟ್ಟಬಹುದೇ ಎಂಬುದು ನೆಗೆತದ ಎತ್ತರದ ಮೇಲೆ ನಿಂತಿದೆ, ಮೇಲಿನ ಪರೀಕ್ಷಕ ಹಾಗೆಯೇ ಸಾಲದು. 'ಸ್ಪೆಲಂಕಿ' ಎಂಬ ಆಟ ಹಿಡಿದ ದಾರಿ ಹೊಸಬರಿಗೆ ಅತ್ಯುತ್ತಮ ಪಾಠ: ಲೆವೆಲ್ ಎಂದರೆ 4×4 ಕೋಣೆಗಳು. ಮೇಲಿನ ಸಾಲಿನ ಒಂದು ಕೋಣೆಯಿಂದ ಶುರು. 1ರಿಂದ 5ರ ಒಂದು ಸಂಖ್ಯೆ ತೆಗೆದು, 1 ಅಥವಾ 2 ಬಂದರೆ ಎಡಕ್ಕೆ, 3 ಅಥವಾ 4 ಬಂದರೆ ಬಲಕ್ಕೆ, 5 ಬಂದರೆ ಕೆಳಕ್ಕೆ. ಅಂಚಿಗೆ ತಾಗಿದರೂ ಕೆಳಕ್ಕೆ. ಕೆಳಗಿನ ಸಾಲಿನಲ್ಲಿ ಇನ್ನೂ ಕೆಳಕ್ಕೆ ಹೋಗಬೇಕಾದಾಗ ಅಲ್ಲೇ ನಿರ್ಗಮನ. ದಾರಿ ಮೊದಲು ಸಿದ್ಧವಾಯಿತು. ಆಮೇಲೆ ಪ್ರತಿ ಕೋಣೆಗೂ, ಬೇಕಾದ ಬದಿಗಳು ತೆರೆದಿರುವ, ಮನುಷ್ಯರೇ ಬಿಡಿಸಿದ ಟೆಂಪ್ಲೇಟ್‌ಗಳಲ್ಲಿ ಒಂದನ್ನು ಆಯ್ದು ಕೂರಿಸುವುದು. ದಾರಿಯ ಹೊರಗಿನ ಕೋಣೆಗಳಿಗೆ ಯಾವುದಾದರೂ ಆದೀತು. ವಿನ್ಯಾಸಕರ ಕೈಚಳಕ ಕೋಣೆಯೊಳಗೆ, ರ‍್ಯಾಂಡಮ್‌ನ ಆಟ ಜೋಡಣೆಯಲ್ಲಿ. 2016ರಲ್ಲಿ ಮ್ಯಾಕ್ಸಿಮ್ ಗುಮಿನ್ ಪ್ರಕಟಿಸಿದ ವೇವ್ ಫಂಕ್ಷನ್ ಕೊಲ್ಯಾಪ್ಸ್ ಎಂಬ ವಿಧಾನ ಕಣ್ಣಿಗೆ ಹಬ್ಬ ನಿಜ, ಆದರೆ ಅದು ನೋಡುವುದು ಅಕ್ಕಪಕ್ಕದ ಟೈಲ್ ಹೊಂದುತ್ತದೆಯೇ ಎಂದಷ್ಟೇ. ಮಧ್ಯದಲ್ಲಿ ಯಾವ ಟೈಲೂ ಹೊಂದದೆ ಸಿಕ್ಕಿಬೀಳುವುದೂ ಉಂಟು. ಅದು ಆಮೇಲಿರಲಿ.

ನಕ್ಷೆ ಸಿದ್ಧವಾದ ಮೇಲೆ ಒಳಗಿನ ವಸ್ತುಗಳು. ಪರೀಕ್ಷಕ ಬರೆದ ದೂರಗಳ ಗ್ರಿಡ್ ಇಲ್ಲಿ ಮತ್ತೆ ಬಳಕೆಗೆ ಬರುತ್ತದೆ. ಯಾವುದೋ ಒಂದು ನೆಲದಿಂದ ಓಡಿಸಿ ಅತಿ ದೂರದ ಟೈಲ್ ಹಿಡಿಯಿರಿ, ಅದು ಆರಂಭ. ಅಲ್ಲಿಂದ ಮತ್ತೆ ಓಡಿಸಿ ಸಿಗುವ ಅತಿ ದೂರದ ಟೈಲ್ ನಿರ್ಗಮನ. ಶತ್ರುಗಳನ್ನು ಆರಂಭದಿಂದ 8 ಹೆಜ್ಜೆಯಾದರೂ ಆಚೆ ಇಡಿ. ಒಂದೇ ನೆರೆ ನೆಲವಿರುವ ಕುರುಡು ತುದಿಗಳಲ್ಲಿ ನಿಧಿ ಇಟ್ಟರೆ ಅಲ್ಲಿಗೆ ನಡೆದದ್ದು ದಂಡವಾಗುವುದಿಲ್ಲ.

ಬೀಗ ಮತ್ತು ಕೀಲಿಯಲ್ಲಿ ಕ್ರಮವೇ ಪ್ರಾಣ. ಹೆಚ್ಚುವರಿ ಕಾರಿಡಾರ್‌ಗಳೆಲ್ಲ ಮೊದಲು ಮುಗಿಯಲಿ. ಬಾಗಿಲು ಇಟ್ಟಮೇಲೆ ಸುತ್ತುದಾರಿ ಕೆತ್ತಿದರೆ ಬೀಗಕ್ಕೆ ಅರ್ಥವೇ ಉಳಿಯುವುದಿಲ್ಲ. ಕಾರಿಡಾರ್‌ನ ಒಂದು ಟೈಲನ್ನು ಗೋಡೆ ಎಂದುಕೊಂಡು ಪರೀಕ್ಷಕ ಓಡಿಸಿ. ನಿರ್ಗಮನ ಕೈತಪ್ಪಿದರೆ ಅದು ಬಾಗಿಲಿಗೆ ಸರಿಯಾದ ಜಾಗ. 1000 ಟೈಲ್‌ಗೂ ಹೀಗೆ ಮಾಡಿದರೂ ಹತ್ತು ಲಕ್ಷ ಟೈಲ್ ಭೇಟಿ ಮೀರುವುದಿಲ್ಲ, ಕಂಪ್ಯೂಟರಿಗೆ ದೊಡ್ಡದಲ್ಲ. ಬಾಗಿಲು ಮುಚ್ಚಿದ ಸ್ಥಿತಿಯಲ್ಲಿ ಮುಟ್ಟಿದ ಟೈಲ್‌ಗಳಲ್ಲೇ ಕೀಲಿಯನ್ನು ಇಡಿ, ಆದಷ್ಟು ದೂರದಲ್ಲಿ. ಎರಡನೇ ಬಾಗಿಲು ಇದ್ದರೆ, ಮೊದಲನೆಯದು ತೆರೆದು ಎರಡನೆಯದು ಮುಚ್ಚಿದ ಸ್ಥಿತಿಯಲ್ಲಿ ಮತ್ತೆ ಇದೇ ಲೆಕ್ಕ. ಸುತ್ತುದಾರಿ ಹೆಚ್ಚಿದ ನಕ್ಷೆಯಲ್ಲಿ ಬಾಗಿಲಿಗೆ ಒಂದೂ ಜಾಗ ಸಿಗದೆ ಹೋಗಬಹುದು, ಆಗ ಬೀಗವಿಲ್ಲದ ಲೆವೆಲ್ ಎಂದು ಒಪ್ಪಿಕೊಳ್ಳುವ ದಾರಿಯೂ ಕೋಡ್‌ನಲ್ಲಿರಲಿ.

ಪೆಟ್ಟಿಗೆಗಳಲ್ಲಿ ಔಷಧಿ ಇಡುವಾಗ ಪ್ರತಿ ಪೆಟ್ಟಿಗೆಗೂ ಬೇರೆಯಾಗಿ 10 ಶೇಕಡಾ ಸಂಭವ ಎಂದು ದಾಳ ಹಾಕುತ್ತಾರೆ. ಲೆಕ್ಕ ನೋಡಿ: 20 ಪೆಟ್ಟಿಗೆ ತೆರೆದರೂ ಒಂದೂ ಸಿಗದಿರುವ ಸಂಭವ 0.9ರ 20ನೇ ಘಾತ, ಅಂದರೆ ಸುಮಾರು 12 ಶೇಕಡಾ. ಎಂಟರಲ್ಲಿ ಒಬ್ಬ ಆಟಗಾರನಿಗೆ ಏನೂ ಇಲ್ಲ. ಅದರ ಬದಲು 20 ಚೀಟಿಗಳ ಪಟ್ಟಿ ಮಾಡಿ, ಎರಡರಲ್ಲಿ ಔಷಧಿ ಎಂದು ಬರೆದು ಕಲಸಿ ಹಂಚಿ. ಕಲಸಲು ಫಿಶರ್-ಯೇಟ್ಸ್ ವಿಧಾನವೇ ಸರಿ: ಕೊನೆಯ ಚೀಟಿಯಿಂದ ಹಿಂದಕ್ಕೆ ಬರುತ್ತಾ, ಪ್ರತಿ ಚೀಟಿಯನ್ನೂ ಅದೂ ಸೇರಿ ಅದರ ಮುಂಚಿನವುಗಳಲ್ಲಿ ರ‍್ಯಾಂಡಮ್ ಆಗಿ ಆಯ್ದ ಒಂದರ ಜೊತೆ ಅದಲುಬದಲು ಮಾಡುವುದು. ಹೋಲಿಸುವ ಫಂಕ್ಷನ್‌ನಲ್ಲಿ ರ‍್ಯಾಂಡಮ್ ಉತ್ತರ ಕೊಟ್ಟು ಸಾರ್ಟ್ ಮಾಡಿದರೆ ಕೆಲವು ಕ್ರಮಗಳು ಹೆಚ್ಚು ಬರುತ್ತವೆ.

ಇಷ್ಟಾದರೆ ಒಂದು ಲೆವೆಲ್ ನೋಡಿ ಸಮಾಧಾನಪಡಬಾರದು. 1ರಿಂದ 1000ದವರೆಗಿನ ಸೀಡ್‌ಗಳನ್ನು ಚಿತ್ರವಿಲ್ಲದೆ ಓಡಿಸಿ, ಪ್ರತಿಯೊಂದಕ್ಕೂ ನಿರ್ಗಮನದ ದೂರ, ನೆಲದ ಎಣಿಕೆ, ಕೋಣೆಗಳ ಸಂಖ್ಯೆ, ಎಷ್ಟನೇ ಪ್ರಯತ್ನದಲ್ಲಿ ಪಾಸಾಯಿತು ಎಂಬುದನ್ನು ಫೈಲ್‌ಗೆ ಬರೆಯಿರಿ. ಸರಾಸರಿಯನ್ನು ನೋಡುತ್ತಾ ಕೂರಬೇಡಿ. ಅತಿ ಚಿಕ್ಕ ದಾರಿಯ ಐದು, ಅತಿ ಉದ್ದದ ಐದು ನಕ್ಷೆಗಳನ್ನು ತೆಗೆದು ನೋಡಿ. ಬಗ್‌ಗಳು ವಾಸಿಸುವುದು ಆ ತುದಿಗಳಲ್ಲಿ. ಕೆಟ್ಟ ಸೀಡ್‌ಗಳನ್ನು ಒಂದು ಪಟ್ಟಿಯಲ್ಲಿಟ್ಟು ಕೋಡ್ ಬದಲಿಸಿದಾಗಲೆಲ್ಲ ಮತ್ತೆ ಓಡಿಸಿ. 50 ಪ್ರಯತ್ನದಲ್ಲೂ ಒಳ್ಳೆಯ ನಕ್ಷೆ ಬಾರದಿದ್ದರೆ ಕೈಯಲ್ಲಿ ಬಿಡಿಸಿದ ಒಂದು ಲೆವೆಲ್ ಕೊಡುವ ವ್ಯವಸ್ಥೆ ಇರಲಿ, ಆಟಗಾರನ ಪರದೆ ಮಾತ್ರ ಸ್ತಬ್ಧವಾಗಬಾರದು.

ಲೆಕ್ಕದಲ್ಲಿ ಸಾವಿರವೂ ಬೇರೆ, ಕಣ್ಣಿಗೆ ಸಾವಿರವೂ ಒಂದೇ ಎನ್ನುವ ಸ್ಥಿತಿಯನ್ನು ಮಾತ್ರ ಯಾವ ಪರೀಕ್ಷಕವೂ ಹಿಡಿಯದು. 20 ನಕ್ಷೆಗಳನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಪ್ರಿಂಟ್ ಮಾಡಿ ನೋಡಿ. ಒಂದನ್ನೂ ನೆನಪಿಟ್ಟುಕೊಳ್ಳಲು ಆಗದಿದ್ದರೆ ಸಂಖ್ಯೆಗಳನ್ನು ತಿದ್ದಿ ಪ್ರಯೋಜನವಿಲ್ಲ. ಹತ್ತು ಹದಿನೈದು ವಿಶೇಷ ಕೋಣೆಗಳನ್ನು ಕೈಯಲ್ಲಿ ಬಿಡಿಸಿ, ಲೆವೆಲ್‌ಗೆ ಒಂದೆರಡರಂತೆ ಸೇರಿಸಿ.

ಕೊನೆಗೆ ತಮ್ಮಲ್ಲಿ ಕೋರಿಕೆ. ಶಿಕ್ಷಣ ಪುಟದಲ್ಲಿ ಈ ವಿಷಯ ಬಂದಾಗ ಆಟದ ಬಣ್ಣದ ಚಿತ್ರದ ಬದಲು 40×25 ಅಕ್ಷರಗಳ ಒಂದು ನಕ್ಷೆ ಅಚ್ಚು ಮಾಡಿ, ಜೊತೆಗೆ ನಿಯಮಗಳು, ಸೀಡ್, ಬಳಸಿದ ರ‍್ಯಾಂಡಮ್ ಸೂತ್ರ ಮೂರನ್ನೂ ಕೊಡಿ. ಒಂದೊಂದು ಭಾಷೆಯ ಒಳಗಿನ ಜನರೇಟರ್ ಒಂದೊಂದು ಬಗೆ, ಆದ್ದರಿಂದ ಸೂತ್ರ ಬೇಕೇ ಬೇಕು. ಸರಳವಾದದ್ದು ಇದು: ಹಿಂದಿನ ಸಂಖ್ಯೆಯನ್ನು 1664525ರಿಂದ ಗುಣಿಸಿ, 1013904223 ಕೂಡಿಸಿ, 4294967296ರಿಂದ ಭಾಗಿಸಿ ಉಳಿದ ಶೇಷವೇ ಮುಂದಿನ ಸಂಖ್ಯೆ. ಸೀಡ್ 1 ಆದರೆ ಮೊದಲ ಉತ್ತರ 1015568748 ಬರಬೇಕು. ಅದನ್ನು 4294967296ರಿಂದ ಭಾಗಿಸಿದರೆ ಸುಮಾರು 0.2365, ಅದನ್ನು 40ರಿಂದ ಗುಣಿಸಿ ದಶಮಾಂಶ ಬಿಟ್ಟರೆ ಕಾಲಂ 9. ಗೋಡೆಯೋ ನೆಲವೋ ಎಂದು ನಿರ್ಧರಿಸಲು ಆ ಸಂಖ್ಯೆ ಸಮವೋ ಬೆಸವೋ ಎಂದು ನೋಡಬಾರದು ಎಂಬ ಎಚ್ಚರಿಕೆಯನ್ನೂ ಅಚ್ಚು ಮಾಡಿ: ಈ ಸೂತ್ರದಲ್ಲಿ ಸಮ, ಬೆಸ ಒಂದಾದ ಮೇಲೊಂದು ತಪ್ಪದೆ ಬರುತ್ತವೆ, 40 ಅಗಲದ ನಕ್ಷೆಯನ್ನು ಸಾಲುಸಾಲಾಗಿ ತುಂಬಿದರೆ ಮೇಲಿಂದ ಕೆಳಗೆ ಬರೀ ಪಟ್ಟೆಗಳು ಬೀಳುತ್ತವೆ. ಯಾವಾಗಲೂ ಭಾಗಿಸಿ ಬಂದ ದಶಮಾಂಶವನ್ನೇ ಬಳಸಬೇಕು. ಓದುಗರು ತಮ್ಮ ಕೋಡ್ ಓಡಿಸಿ, ತಮ್ಮ ಪರದೆಯ ನಕ್ಷೆಯನ್ನು ಪತ್ರಿಕೆಯ ನಕ್ಷೆಯ ಜೊತೆ ಟೈಲ್‌ಗೆ ಟೈಲ್ ಹೋಲಿಸಿ ನೋಡಿಕೊಳ್ಳಲಿ.

ಇಂತಿ,
ಗೇಮ್ ಪ್ರೋಗ್ರಾಮಿಂಗ್ ಕಲಿಸುವ ಓದುಗರು